ಊರಿನ ದಾರಿ, ಅರ್ಧ ಟಿಕೆಟ್

ಮೇ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗುವುದು ಮುಂಬಯಿಯಲ್ಲಿ ನೆಲೆಸಿದ ಕರಾವಳಿಯವರ ಹಳೆಯ ರೂಢಿ. ಆ ರೂಢಿಯನ್ನು ಉಳಿಸಿದ್ದರಲ್ಲಿ ಮಮತೆಯಷ್ಟೇ ಪಾಲು ದಾರಿಯದ್ದೂ ಇದೆ.

ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು, ಆದರೆ ಮಲಬಾರಿನ ಕಡೆಯಿಂದ. ಮುಂಬಯಿಗೆ ಕರಾವಳಿಗುಂಟ ನೇರ ಹಳಿ ಇರಲಿಲ್ಲ. ಘಟ್ಟದ ತಿರುವುಗಳಲ್ಲಿ ವಾಂತಿ ಮಾಡುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ ಮಕ್ಕಳಿಗೆ ಮಲಗಲು ಬರ್ತ್, ಪಕ್ಕದಲ್ಲೇ ಶೌಚಾಲಯ ಸಿಕ್ಕವು. ಗಂಡನಿಗೆ ರಜೆ ಸಿಗದಿದ್ದರೂ ತಾಯಿ ಮಕ್ಕಳೊಂದಿಗೆ ಹೊರಡಬಹುದಾಯಿತು.

ಆಗ 5ರಿಂದ 12 ವರ್ಷದೊಳಗಿನವರಿಗೆ ಅರ್ಧ ದರಕ್ಕೇ ಪೂರ್ತಿ ಬರ್ತ್ ಸಿಗುತ್ತಿತ್ತು. 2016ರ ಏಪ್ರಿಲ್ 21ರಿಂದ ಬರ್ತ್ ಬೇಕೆಂದರೆ ಪೂರ್ಣ ದರ. ಅರ್ಧ ದರ ಕೊಟ್ಟರೆ ಮಗು ದೊಡ್ಡವರ ಬರ್ತಿನಲ್ಲೇ ಮಲಗಬೇಕು. ಆ ವಯಸ್ಸಿನ ಇಬ್ಬರು ಮಕ್ಕಳಿರುವ ದಂಪತಿಗೆ ಮೂರು ಟಿಕೆಟಿನ ಖರ್ಚು ನಾಲ್ಕಾಯಿತು.

ಮುಂಬಯಿಯಲ್ಲಿ ಬೆಳೆಯುವ ಮಕ್ಕಳು ಅಜ್ಜಿಯ ತುಳುವನ್ನೋ ಕುಂದಾಪುರ ಕನ್ನಡವನ್ನೋ ಮನಸಾರೆ ಆಡುವುದು ಈ ಕೆಲವೇ ವಾರಗಳಲ್ಲಿ. ಹಾಗಾಗಿ ಬಂಧುತ್ವದ ಚರಿತ್ರೆ ಬರೆಯುವವರು ರೈಲಿನ ದರಪಟ್ಟಿಯನ್ನೂ ಓದಬೇಕು.