ಹೂವು ಕೊಳೆಯುತ್ತದೆ, ಹೂವನ್ನು ಹಿಡಿದದ್ದು?

ಹೂವಿನ ಅಲಂಕಾರದಿಂದ ಪರಿಸರಕ್ಕೆ ಏನು ತೊಂದರೆ ಎಂದು ಯಾರಾದರೂ ಕೇಳಬಹುದು. ಹೂವು ನಾಲ್ಕು ದಿನದಲ್ಲಿ ಗೊಬ್ಬರವಾಗುತ್ತದೆ, ನಿಜ. ಆದರೆ ಅದನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬದಲಾಗಿರುವುದು ಹೂವಿಗಿಂತ ಹೆಚ್ಚಾಗಿ ಅದೇ.

ನಮ್ಮ ಹಿರಿಯರು ಅದಕ್ಕಾಗಿ ಪೇಟೆಗೆ ಹೋಗಬೇಕಿರಲಿಲ್ಲ. ದಂಡೆ ಕಟ್ಟಲು ಬಾಳೆನಾರು, ಬಾಗಿಲಿಗೆ ಮಾವಿನ ತೋರಣ, ಮಂಟಪಕ್ಕೆ ಬಾಳೆಕಂಬ. ನೀರು ತುಂಬಿದ ಬಾಳೆಯ ದಿಂಡಿಗೆ ಕಡ್ಡಿಯಿಂದ ಚುಚ್ಚಿಟ್ಟ ಹೂವು ಬೇಗ ಬಾಡುವುದಿಲ್ಲ. ಚೌತಿಯಲ್ಲಿ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೂ ತೋಟದ್ದೇ ಅಡಿಕೆ ಗೊನೆ, ಸೌತೆಕಾಯಿ, ಬೇಲಿಯ ಗೌರಿ ಹೂವು. ಹಬ್ಬ ಮುಗಿದ ಮೇಲೆ ಎಲ್ಲವೂ ಗೊಬ್ಬರಗುಂಡಿಗೆ.

ಬಾಡದ ಹೂವು ಬೇಕೆಂದರೆ ಗುಡಿಗಾರರಿದ್ದರು. ಸೊರಬ, ಸಾಗರದ ಗುಡಿಗಾರರ ಹೆಸರು ಶ್ರೀಗಂಧದ ಕೆತ್ತನೆಗೆ ದೊಡ್ಡದು, ಬಿ.ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್‌ನಲ್ಲೂ ಅದರ ಪ್ರಸ್ತಾಪವಿದೆ. ಅದೇ ಕೈಗಳು ಬೆಂಡಿನಲ್ಲಿ ಬಾಸಿಂಗ, ಹೂಮಾಲೆಗಳನ್ನೂ ಮಾಡುತ್ತಿದ್ದವು. ಬೆಂಡು ಎಂದರೆ ಕೆರೆ, ಜೌಗಿನಲ್ಲಿ ಬೆಳೆಯುವ ಗಿಡದ ತಿರುಳು. ಬಿಳುಪು, ಹಗುರ, ಕತ್ತರಿಸಲು ಸುಲಭ. ಥರ್ಮೋಕೋಲ್‌ನ ಗುಣಗಳೆಲ್ಲ ಅದರಲ್ಲಿವೆ. ಮಣ್ಣಿನಲ್ಲಿ ಕರಗುವ ಗುಣವೂ ಇದೆ.

ಹೂ ಚುಚ್ಚುವ ಹಸಿರು ಫೋಮ್ ಹುಟ್ಟಿದ್ದು 1954ರಲ್ಲಿ, ಅಮೆರಿಕದ ಓಹಾಯೋದಲ್ಲಿ, ವರ್ನನ್ ಸ್ಮಿದರ್ಸ್ ಅವರ ಕೈಯಲ್ಲಿ. ನೀರು ಹೀರಿ ಹೂವನ್ನು ತಾಜಾ ಇಡುವ ಈ ಇಟ್ಟಿಗೆ ಫೀನಾಲ್–ಫಾರ್ಮಾಲ್ಡಿಹೈಡ್‌ನಿಂದ ಮಾಡಿದ ಪ್ಲಾಸ್ಟಿಕ್. ಮುಟ್ಟಿದರೆ ಪುಡಿಯಾಗುತ್ತದೆ, ಕೊಳೆಯುವುದಿಲ್ಲ. ಆ ಪುಡಿಯನ್ನು ಜಲಚರಗಳು ತಿನ್ನುತ್ತವೆ ಎಂದು ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿದರು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ 2021ರಿಂದ ಫೋಮ್ ನಿಷೇಧಿಸಿತು.

ನಮ್ಮಲ್ಲಿ? ಅಲಂಕಾರದ ಥರ್ಮೋಕೋಲ್‌ಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಆದರೆ ಆ ಪಟ್ಟಿಯಲ್ಲಿರುವುದು ಪಾಲಿಸ್ಟೈರೀನ್. ಹಸಿರು ಫೋಮ್‌ನ ಹೆಸರಿಲ್ಲ. ಮಂಟಪದ ಹಿಂದೆ ಎಸೆದ ಫೋಮ್‌ನ ಪುಡಿ ಮಳೆನೀರಿನ ಜೊತೆ ತುಂಗೆಗೋ ಶರಾವತಿಗೋ ವರದೆಗೋ ಸೇರಿದರೆ ಕೇಳುವವರಿಲ್ಲ.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದೂ ನಾವು ಹೇಳುತ್ತಿಲ್ಲ. ಮದುಮಗಳ ಜಡೆಗೆಂದು ಕಾಡಿನ ಸೀತಾಳೆ ದಂಡೆಯನ್ನು ಬುಡಸಮೇತ ಕಿತ್ತರೆ ಮುಂದಿನ ವರ್ಷ ಆ ಮರದಲ್ಲಿ ಹೂವಿಲ್ಲ. ಕೆರೆ, ಜೌಗು ಮುಚ್ಚಿದ ಕಡೆ ಬೆಂಡೂ ಇಲ್ಲ. ಪರಿಸರಸ್ನೇಹಿ ಅಲಂಕಾರಕ್ಕೆ ಕೆರೆಯೂ ಬೇಕು, ಬೆಂಡಿನ ಕೆಲಸಕ್ಕೆ ತಕ್ಕ ಬೆಲೆ ಕೊಡುವವರೂ ಬೇಕು.

ಮಾಡಬಹುದಾದದ್ದು ಸುಲಭವಿದೆ. ಅಲಂಕಾರದವರಿಗೆ ಅಡ್ವಾನ್ಸ್ ಕೊಡುವಾಗಲೇ ಫೋಮ್ ಬೇಡವೆಂದು ಹೇಳಿ. ಬಾಳೆದಿಂಡು, ನೀರು ತುಂಬಿದ ಮಡಕೆ, ಮತ್ತೆ ಮತ್ತೆ ಬಳಸಬಹುದಾದ ತಂತಿಬಲೆ ಇದ್ದರೆ ಸಾಕು. ದಿಂಡು ನಿಮ್ಮ ತೋಟದಲ್ಲೇ ಸಿಗುತ್ತದೆ. ಗೊನೆ ಕಡಿದ ಬಾಳೆಯನ್ನು ಹೇಗೂ ಉರುಳಿಸಲೇಬೇಕಲ್ಲ.