ಹೆಸರಿನ ಪಕ್ಕದ ಚುಕ್ಕೆ

1992ರ ಬೇಸಿಗೆ ರಜೆ. ಬಿ.ಎಡ್. ಮುಗಿಸಿದ್ದ ನಾನು ಹಲಸೂರಿನಿಂದ ಇಂದಿರಾನಗರಕ್ಕೆ ನಡೆದು ಹೋಗಿ ಕೋಬಾಲ್ ಕಲಿಯುತ್ತಿದ್ದೆ.

ವ್ಯಾಪಾರ, ಸಂಬಳಗಳ ಲೆಕ್ಕಕ್ಕೆಂದೇ ಹುಟ್ಟಿದ ಕಂಪ್ಯೂಟರ್ ಭಾಷೆ ಅದು. 1959ರಲ್ಲಿ ಅಮೆರಿಕದಲ್ಲಿ ಇಂಥದೊಂದು ಭಾಷೆ ಬೇಕೆಂದು ಮೊದಲು ದನಿಯೆತ್ತಿದವರು ಮೇರಿ ಹಾಸ್. ಅದಕ್ಕೆ ಮುಖ್ಯ ಆಧಾರವಾದದ್ದು, ಹಿಂದೆ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಗ್ರೇಸ್ ಹಾಪರ್ ಅವರ ಕೆಲಸ. ಇಬ್ಬರೂ ಹೆಂಗಸರೆಂದು ತಿಳಿದಾಗ ನನಗೆಷ್ಟು ಹೆಮ್ಮೆ!

ಕೋಬಾಲಿನಲ್ಲಿ ಅಕ್ಕಿಯಿಂದ ಕಲ್ಲು ಆರಿಸುವಂಥ ಒಂದು ಪರೀಕ್ಷೆಯುಂಟು. ‘ನ್ಯೂಮೆರಿಕ್’ ಎಂದರೆ ಅಂಕಿಗಳಿಗಷ್ಟೇ ಪ್ರವೇಶ. ‘ಆಲ್ಫಬೆಟಿಕ್’ ಎಂದರೆ ಇಂಗ್ಲಿಷ್ ಅಕ್ಷರಗಳು ಮತ್ತು ಖಾಲಿ ಜಾಗಕ್ಕಷ್ಟೇ. ಸಂಬಳದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಬಿದ್ದಿದ್ದರೆ, ಲೆಕ್ಕ ಕೆಡುವ ಮೊದಲೇ ಸಿಕ್ಕಿಬೀಳುತ್ತದೆ.

ನನ್ನ ಹೆಸರನ್ನೇ ಕೊಟ್ಟು ನೋಡಿದೆ. ತಪ್ಪು ಎಂದಿತು! ಅಪ್ಪನ ಇನಿಷಿಯಲ್ ಪಕ್ಕದ ಚುಕ್ಕೆ ಅಕ್ಷರವಲ್ಲವಂತೆ. ಶಿವಾಜಿನಗರದ ಗೆಳತಿ ಡಿಸೋಜಾಳದೂ ಅದೇ ಪಾಡು: ಇಂಗ್ಲಿಷಿನಲ್ಲಿ ಅವಳ ‘ಡಿ’ ನಂತರ ಮೇಲೊಂದು ಗುರುತು ಬರುತ್ತದಲ್ಲ! ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ವರ್ಷಗಳ ನಂತರ, ಅಪ್ಪ ತೀರಿಕೊಂಡ ಮೇಲೆ, ಒಂದು ಕಚೇರಿಯ ಕಂಪ್ಯೂಟರು ಅಮ್ಮನ ಹೆಸರಿನ ಚುಕ್ಕೆಯನ್ನು ಒಪ್ಪಲಿಲ್ಲ. ಗುಮಾಸ್ತರು ಇನಿಷಿಯಲ್ಲನ್ನೇ ಬಿಟ್ಟರು. ಬ್ಯಾಂಕಿನ ಪುಸ್ತಕದಲ್ಲಿ ಅದಿತ್ತು. ಎರಡೂ ಹೆಸರು ತನ್ನದೇ ಎಂದು ಒಪ್ಪಿಸಿ ಪಿಂಚಣಿ ಪಡೆಯಲು ಅಮ್ಮ ಆರು ತಿಂಗಳು ಅಲೆದರು. ಆಗ ನಗು ಬರಲಿಲ್ಲ.

ಹಣದ ಲೆಕ್ಕಕ್ಕೆ ಈ ಜರಡಿ ಬೇಕೇ ಬೇಕು. ಆದರೆ ಹೆಸರಿಗೆ ಅದನ್ನು ಹಿಡಿಯುವವರು ಮೊದಲು ನಮ್ಮ ಶಾಲೆಯ ಹಾಜರಿ ಪುಸ್ತಕವನ್ನೊಮ್ಮೆ ಓದಲಿ.