ಅಮೆರಿಕ ಸಂಯುಕ್ತ ಸಂಸ್ಥಾನದ ವಯಸ್ಕರ ಶೈಕ್ಷಣಿಕ ಮಟ್ಟ

ಒಬ್ಬ ವ್ಯಕ್ತಿ ಪೂರ್ಣಗೊಳಿಸಿರುವ ಅತ್ಯುನ್ನತ ಹಂತದ ಶಿಕ್ಷಣವನ್ನು ಆ ವ್ಯಕ್ತಿಯ ಶೈಕ್ಷಣಿಕ ಮಟ್ಟ ಎಂದು ಕರೆಯಲಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದನ್ನು ಸಾಮಾನ್ಯವಾಗಿ 25 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ ಅಳೆಯಲಾಗುತ್ತದೆ. ಆ ವಯಸ್ಸಿಗೆ ಬಹುಪಾಲು ಜನರ ವಿದ್ಯಾಭ್ಯಾಸ ಮುಗಿದಿರುತ್ತದೆ ಎಂಬುದು ಇದಕ್ಕೆ ಕಾರಣ. 1940ರಲ್ಲಿ ಈ ವಯೋಮಾನದ ಅಮೆರಿಕನ್ನರಲ್ಲಿ ಶೇ. 24.5ರಷ್ಟು ಜನ ಮಾತ್ರ ಹೈಸ್ಕೂಲ್ ಪೂರೈಸಿದ್ದರು. ನಾಲ್ಕು ವರ್ಷಗಳ ಕಾಲೇಜು ಶಿಕ್ಷಣ ಪಡೆದವರು ಶೇ. 4.6ರಷ್ಟಿದ್ದರು. 2022ರ ವೇಳೆಗೆ ಈ ಪ್ರಮಾಣಗಳು ಕ್ರಮವಾಗಿ ಶೇ. 91.2 ಮತ್ತು ಶೇ. 37.7ಕ್ಕೆ ಏರಿದವು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹೈಸ್ಕೂಲ್ ಪ್ರಮಾಣಪತ್ರವು ಜನರನ್ನು ಬೇರ್ಪಡಿಸುವ ಗೆರೆಯಾಗಿತ್ತು. ಈಗ ಆ ಸ್ಥಾನಕ್ಕೆ ನಾಲ್ಕು ವರ್ಷಗಳ ಸ್ನಾತಕ ಪದವಿ ಬಂದಿದ್ದು, ಆದಾಯ, ಉದ್ಯೋಗ ಭದ್ರತೆ ಮತ್ತು ಆಯುಷ್ಯದಲ್ಲಿಯೂ ಪದವೀಧರರು ಹಾಗೂ ಪದವಿಯಿಲ್ಲದವರ ನಡುವೆ ದೊಡ್ಡ ಅಂತರ ಕಂಡುಬರುತ್ತದೆ.

## ಶಿಕ್ಷಣದ ಹಂತಗಳು

ಅಮೆರಿಕದಲ್ಲಿ ಶಾಲಾ ಶಿಕ್ಷಣವು 12ನೆಯ ತರಗತಿಗೆ ಮುಗಿಯುತ್ತದೆ. ಹೈಸ್ಕೂಲ್ ಎಂಬ ಪದವು ಅಲ್ಲಿ ಸಾಮಾನ್ಯವಾಗಿ 9ರಿಂದ 12ನೆಯ ತರಗತಿಗಳನ್ನು ಸೂಚಿಸುತ್ತದೆ. ಆದ್ದರಿಂದ ಅಮೆರಿಕದ ಹೈಸ್ಕೂಲ್ ಪ್ರಮಾಣಪತ್ರವನ್ನು ಕರ್ನಾಟಕದ ಎಸ್‌ಎಸ್‌ಎಲ್‌ಸಿಗೆ ಹೋಲಿಸುವುದು ಸರಿಯಲ್ಲ; ಕಲಿಕೆಯ ವರ್ಷಗಳ ಲೆಕ್ಕದಲ್ಲಿ ಅದು ದ್ವಿತೀಯ ಪಿಯುಸಿಗೆ ಸಮನಾಗುತ್ತದೆ. ಶಾಲೆಯನ್ನು ನಡುವೆ ಬಿಟ್ಟವರು 1942ರಲ್ಲಿ ಆರಂಭವಾದ ಜಿಇಡಿ ಎಂಬ ತತ್ಸಮಾನ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಸಮೀಕ್ಷೆಗಳಲ್ಲಿ ಇವರನ್ನೂ ಹೈಸ್ಕೂಲ್ ಪೂರೈಸಿದವರೆಂದೇ ಎಣಿಸಲಾಗುತ್ತದೆ.

ಹೈಸ್ಕೂಲಿನ ನಂತರ ಎರಡು ವರ್ಷಗಳ ಅಸೋಸಿಯೇಟ್ ಪದವಿ, ನಾಲ್ಕು ವರ್ಷಗಳ ಸ್ನಾತಕ ಪದವಿ, ಅನಂತರ ಸ್ನಾತಕೋತ್ತರ ಪದವಿ, ವೃತ್ತಿಪರ ಪದವಿ ಮತ್ತು ಡಾಕ್ಟರೇಟ್ ಎಂಬ ಹಂತಗಳಿವೆ. ಅಸೋಸಿಯೇಟ್ ಪದವಿಯನ್ನು ಹೆಚ್ಚಾಗಿ ಸಮುದಾಯ ಕಾಲೇಜುಗಳು ನೀಡುತ್ತವೆ. ಭಾರತದಲ್ಲಿ ವೈದ್ಯಕೀಯ ಶಿಕ್ಷಣವು ಪಿಯುಸಿಯ ನಂತರವೇ ಆರಂಭವಾದರೆ, ಅಮೆರಿಕದಲ್ಲಿ ವೈದ್ಯಕೀಯ ಮತ್ತು ಕಾನೂನು ಪದವಿಗಳಿಗೆ ಸಾಮಾನ್ಯವಾಗಿ ಸ್ನಾತಕ ಪದವಿ ಪಡೆದ ಮೇಲೆ ಪ್ರವೇಶ ದೊರೆಯುತ್ತದೆ.

## ಅಳತೆಯ ವಿಧಾನ

1840ರಿಂದ 1930ರವರೆಗಿನ ಜನಗಣತಿಗಳು ಜನರ ಸಾಕ್ಷರತೆಯನ್ನು ಮಾತ್ರ ವಿಚಾರಿಸುತ್ತಿದ್ದವು. ಪೂರೈಸಿದ ತರಗತಿಯನ್ನು ಕೇಳುವ ಪದ್ಧತಿ 1940ರಲ್ಲಿ ಆರಂಭವಾಯಿತು. 1990ರ ಜನಗಣತಿಯಲ್ಲಿ ಪ್ರಶ್ನೆಯ ಸ್ವರೂಪ ಬದಲಾಗಿ, ಕಲಿತ ವರ್ಷಗಳ ಬದಲು ಪಡೆದ ಪದವಿಯನ್ನು ಕೇಳಲಾಯಿತು. ಹಳೆಯ ಪದ್ಧತಿಯಲ್ಲಿ ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತವರನ್ನು, ಅವರು ಪದವಿ ಪಡೆದಿರಲಿ ಬಿಡಲಿ, ಪದವೀಧರರೊಂದಿಗೆ ಸೇರಿಸಲಾಗುತ್ತಿತ್ತು. ಹೀಗಾಗಿ 1990ಕ್ಕೆ ಹಿಂದಿನ ಮತ್ತು ನಂತರದ ಅಂಕಿ-ಅಂಶಗಳ ಹೋಲಿಕೆ ಸ್ಥೂಲವಾದುದು.

ಈಗ ಜನಗಣತಿ ಬ್ಯೂರೋ ಈ ಮಾಹಿತಿಯನ್ನು ಮುಖ್ಯವಾಗಿ ಎರಡು ಸಮೀಕ್ಷೆಗಳಿಂದ ಪಡೆಯುತ್ತದೆ. ಪ್ರಚಲಿತ ಜನಸಂಖ್ಯಾ ಸಮೀಕ್ಷೆಯು ರಾಷ್ಟ್ರಮಟ್ಟದ ದೀರ್ಘಕಾಲಿಕ ಹೋಲಿಕೆಗೆ ಉಪಯುಕ್ತವಾಗಿದೆ. ಹೆಚ್ಚು ದೊಡ್ಡ ಮಾದರಿಯನ್ನು ಆಧರಿಸಿದ ಅಮೆರಿಕನ್ ಸಮುದಾಯ ಸಮೀಕ್ಷೆಯಿಂದ ರಾಜ್ಯ ಹಾಗೂ ಸ್ಥಳೀಯ ಮಟ್ಟದ ವಿವರಗಳು ದೊರೆಯುತ್ತವೆ. ಇವೆರಡೂ ಜನರು ಸ್ವತಃ ನೀಡುವ ಉತ್ತರಗಳನ್ನೇ ಅವಲಂಬಿಸಿವೆ. ಮೊದಲನೆಯ ಸಮೀಕ್ಷೆಯು ಸೆರೆಮನೆಗಳಲ್ಲಿರುವವರನ್ನು ಒಳಗೊಳ್ಳುವುದಿಲ್ಲ. ಬಂದಿಗಳಲ್ಲಿ ಹೈಸ್ಕೂಲ್ ಪೂರೈಸದವರ ಪ್ರಮಾಣ ಹೆಚ್ಚಾಗಿರುವುದರಿಂದ ಕೆಲವು ಗುಂಪುಗಳ, ವಿಶೇಷವಾಗಿ ಯುವ ಪುರುಷರ, ಶೈಕ್ಷಣಿಕ ಮಟ್ಟವು ಅದರಲ್ಲಿ ವಾಸ್ತವಕ್ಕಿಂತ ಸ್ವಲ್ಪ ಮೇಲಾಗಿ ತೋರುತ್ತದೆ.

## 2022ರ ಸ್ಥಿತಿ

ಪ್ರಚಲಿತ ಜನಸಂಖ್ಯಾ ಸಮೀಕ್ಷೆಯ ಪ್ರಕಾರ 2022ರಲ್ಲಿ 25 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಅತ್ಯುನ್ನತ ಶೈಕ್ಷಣಿಕ ಮಟ್ಟ ಹೀಗಿತ್ತು:

- ಹೈಸ್ಕೂಲ್ ಪೂರೈಸದವರು: ಶೇ. 9
- ಹೈಸ್ಕೂಲ್ ಮಾತ್ರ ಪೂರೈಸಿದವರು: ಶೇ. 28
- ಕಾಲೇಜಿಗೆ ಸೇರಿ ಪದವಿ ಪಡೆಯದವರು: ಶೇ. 15
- ಅಸೋಸಿಯೇಟ್ ಪದವಿ ಪಡೆದವರು: ಶೇ. 10
- ಸ್ನಾತಕ ಪದವಿ ಪಡೆದವರು: ಶೇ. 23
- ಸ್ನಾತಕೋತ್ತರ, ವೃತ್ತಿಪರ ಅಥವಾ ಡಾಕ್ಟರೇಟ್ ಪದವಿ ಪಡೆದವರು: ಶೇ. 14

ಸಂಖ್ಯೆಗಳನ್ನು ಪೂರ್ಣಾಂಕಕ್ಕೆ ಇಳಿಸಿರುವುದರಿಂದ ಮೊತ್ತವು ನಿಖರವಾಗಿ ನೂರಾಗುವುದಿಲ್ಲ. ಪದವೀಧರರ ಪ್ರಮಾಣ ಏರುತ್ತಿದ್ದರೂ ಅಮೆರಿಕದ ವಯಸ್ಕರಲ್ಲಿ ಐವರಲ್ಲಿ ಮೂವರಿಗೂ ಹೆಚ್ಚು ಜನ ಸ್ನಾತಕ ಪದವಿ ಹೊಂದಿಲ್ಲ ಎಂಬುದು ಈ ಪಟ್ಟಿಯಿಂದ ತಿಳಿಯುತ್ತದೆ.

## ಇತಿಹಾಸ

ಅಮೆರಿಕದ ಸಂವಿಧಾನವು ಶಿಕ್ಷಣದ ಬಗ್ಗೆ ಏನನ್ನೂ ಹೇಳದಿರುವುದರಿಂದ ಅದು ರಾಜ್ಯಗಳ ಹೊಣೆಯಾಗಿದೆ. 1852ರಲ್ಲಿ ಮ್ಯಾಸಚೂಸೆಟ್ಸ್ ಶಾಲಾ ಹಾಜರಾತಿಯನ್ನು ಕಡ್ಡಾಯಗೊಳಿಸಿತು. ಅಂದಿನ 48 ರಾಜ್ಯಗಳಲ್ಲಿ ಕೊನೆಯದಾಗಿ ಮಿಸಿಸಿಪ್ಪಿಯು 1918ರಲ್ಲಿ ಇಂಥ ಕಾನೂನನ್ನು ತಂದಿತು. 1862ರ ಮೊರಿಲ್ ಕಾಯಿದೆಯು ಕೃಷಿ ಮತ್ತು ತಾಂತ್ರಿಕ ವಿಷಯಗಳನ್ನು ಕಲಿಸುವ ಕಾಲೇಜುಗಳ ಸ್ಥಾಪನೆಗಾಗಿ ರಾಜ್ಯಗಳಿಗೆ ಸರ್ಕಾರಿ ಭೂಮಿಯನ್ನು ಒದಗಿಸಿತು. ಅನೇಕ ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮೂಲ ಈ ಕಾಯಿದೆಯಲ್ಲಿದೆ.

1910ರಿಂದ 1940ರವರೆಗಿನ ಅವಧಿಯನ್ನು ಇತಿಹಾಸಕಾರರು ಹೈಸ್ಕೂಲ್ ಚಳವಳಿಯ ಕಾಲವೆಂದು ಕರೆಯುತ್ತಾರೆ. ಪಟ್ಟಣಗಳೂ ಗ್ರಾಮೀಣ ಜಿಲ್ಲೆಗಳೂ ತಮ್ಮ ತೆರಿಗೆ ಹಣದಿಂದ ಉಚಿತ ಹೈಸ್ಕೂಲುಗಳನ್ನು ಕಟ್ಟಿಕೊಂಡವು. 1910ರಲ್ಲಿ ಹದಿಹರೆಯದ ಹತ್ತು ಮಂದಿಯಲ್ಲಿ ಒಬ್ಬರಿಗಿಂತ ಕಡಿಮೆ ಜನ ಹೈಸ್ಕೂಲ್ ಮುಗಿಸುತ್ತಿದ್ದರೆ, 1940ರ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ಮುಗಿಸುತ್ತಿದ್ದರು. ಆದರೂ ಅದೇ ವರ್ಷದ ಜನಗಣತಿಯಲ್ಲಿ ವಯಸ್ಕರ ಪ್ರಮಾಣ ಶೇ. 24.5 ಮಾತ್ರ ಇದ್ದುದಕ್ಕೆ ಕಾರಣ ಹಿಂದಿನ ತಲೆಮಾರುಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆ ಕಲಿತ ಹಿರಿಯರೂ ಆ ಎಣಿಕೆಯಲ್ಲಿ ಸೇರಿದ್ದರು. ವಯಸ್ಕರಾದ ಮೇಲೆ ಮತ್ತೆ ಕಲಿಯುವವರು ಕಡಿಮೆಯಾದ್ದರಿಂದ, ಕಡಿಮೆ ಕಲಿತ ಹಳೆಯ ತಲೆಮಾರು ಕಣ್ಮರೆಯಾಗಿ ಹೆಚ್ಚು ಕಲಿತ ಹೊಸ ತಲೆಮಾರು ಅದರ ಸ್ಥಾನಕ್ಕೆ ಬಂದಂತೆ ದೇಶದ ಸರಾಸರಿ ಮಟ್ಟ ಏರುತ್ತದೆ. ಈ ಕಾರಣದಿಂದ ಶಾಲಾ ಸುಧಾರಣೆಯ ಫಲವು ವಯಸ್ಕರ ಅಂಕಿ-ಅಂಶಗಳಲ್ಲಿ ಪೂರ್ಣವಾಗಿ ಕಾಣಿಸಲು ಹಲವು ದಶಕಗಳು ಬೇಕಾಗುತ್ತವೆ. ವಯಸ್ಕರಲ್ಲಿ ಹೈಸ್ಕೂಲ್ ಪೂರೈಸಿದವರ ಪ್ರಮಾಣವು ಅರ್ಧವನ್ನು ದಾಟಿದ್ದು 1960ರ ದಶಕದಲ್ಲಿ.

ಎರಡನೆಯ ಮಹಾಯುದ್ಧದ ನಂತರ ಕಾಲೇಜು ಶಿಕ್ಷಣ ವಿಸ್ತರಿಸಿತು. ಜಿಐ ಬಿಲ್ ಎಂದು ಹೆಸರಾದ 1944ರ ಕಾಯಿದೆಯ ನೆರವಿನಿಂದ ಸುಮಾರು 22 ಲಕ್ಷ ಮಾಜಿ ಯೋಧರು ಕಾಲೇಜು ಸೇರಿದರು. 1965ರ ಉನ್ನತ ಶಿಕ್ಷಣ ಕಾಯಿದೆಯು ವಿದ್ಯಾರ್ಥಿವೇತನ ಮತ್ತು ಸರ್ಕಾರಿ ಖಾತರಿಯ ಸಾಲಗಳಿಗೆ ಅಡಿಪಾಯ ಹಾಕಿತು. ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ದೊರೆಯುವ, ಮರುಪಾವತಿಸಬೇಕಿಲ್ಲದ ಪೆಲ್ ಅನುದಾನದ ಯೋಜನೆ 1972ರಲ್ಲಿ ರೂಪುಗೊಂಡಿತು.

## ಜನಾಂಗ ಮತ್ತು ವಲಸೆ

ಅಂತರ್ಯುದ್ಧಕ್ಕೆ ಮುನ್ನ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದುಬರಹ ಕಲಿಸುವುದು ಅಪರಾಧವಾಗಿತ್ತು. ಗುಲಾಮಗಿರಿ ಕೊನೆಗೊಂಡ ನಂತರವೂ ಅಲ್ಲಿ ಪ್ರತ್ಯೇಕ ಶಾಲೆಗಳ ವ್ಯವಸ್ಥೆ ಮುಂದುವರಿದು, ಕಪ್ಪು ವರ್ಣೀಯರ ಶಾಲೆಗಳಿಗೆ ತೀರ ಕಡಿಮೆ ಹಣ ದೊರೆಯುತ್ತಿತ್ತು. 1940ರಲ್ಲಿ ಕಪ್ಪು ವರ್ಣೀಯ ವಯಸ್ಕರಲ್ಲಿ ಹೈಸ್ಕೂಲ್ ಪೂರೈಸಿದವರು ಶೇ. 8ಕ್ಕಿಂತ ಕಡಿಮೆ ಇದ್ದರು. 1954ರ ಬ್ರೌನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ಶಾಲೆಗಳಲ್ಲಿನ ವರ್ಣಾಧಾರಿತ ಪ್ರತ್ಯೇಕತೆಯನ್ನು ಸಂವಿಧಾನಬಾಹಿರವೆಂದು ಸಾರಿತು. ಹೈಸ್ಕೂಲ್ ಮಟ್ಟದಲ್ಲಿ ಈ ಅಂತರ ಈಗ ಬಹುಮಟ್ಟಿಗೆ ಕುಗ್ಗಿದೆ. ಪದವಿಯ ಮಟ್ಟದಲ್ಲಿ ಉಳಿದುಕೊಂಡಿದೆ. 2022ರಲ್ಲಿ ಸ್ನಾತಕ ಅಥವಾ ಅದಕ್ಕೂ ಮೇಲಿನ ಪದವಿ ಹೊಂದಿದವರ ಪ್ರಮಾಣವು ಏಷ್ಯನ್ನರಲ್ಲಿ ಶೇ. 59.3, ಹಿಸ್ಪಾನಿಕ್ ಅಲ್ಲದ ಬಿಳಿಯರಲ್ಲಿ ಶೇ. 41.8, ಕಪ್ಪು ವರ್ಣೀಯರಲ್ಲಿ ಶೇ. 27.6 ಮತ್ತು ಹಿಸ್ಪಾನಿಕ್ ಜನರಲ್ಲಿ ಶೇ. 20.9 ಆಗಿತ್ತು.

ಈ ವ್ಯತ್ಯಾಸಗಳಲ್ಲಿ ವಲಸೆಯ ಪಾತ್ರವೂ ಇದೆ. ಭಾರತೀಯ ಮೂಲದ ವಯಸ್ಕರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಭಾಗ ಪದವೀಧರರು. 1965ರ ವಲಸೆ ಕಾಯಿದೆಯ ನಂತರ ವೈದ್ಯರು, ಎಂಜಿನಿಯರುಗಳು ಮತ್ತು ವಿಜ್ಞಾನಿಗಳು, 1990ರ ನಂತರ ಎಚ್-1ಬಿ ವೀಸಾದ ಮೂಲಕ ಸಾಫ್ಟ್‌ವೇರ್ ತಜ್ಞರು ಹೆಚ್ಚಿನ ಸಂಖ್ಯೆಯಲ್ಲಿ ಅಮೆರಿಕಕ್ಕೆ ಹೋದರು. ಅವರಲ್ಲಿ ಅನೇಕರು ಪದವಿ ಪಡೆದ ಮೇಲೆಯೇ ವಲಸೆ ಹೋದವರಾದ್ದರಿಂದ ಈ ಪ್ರಮಾಣವು ಅಮೆರಿಕದ ಶಾಲೆಗಳ ಸಾಧನೆಯನ್ನಾಗಲಿ, ಭಾರತದ ಸಾಮಾನ್ಯ ಶೈಕ್ಷಣಿಕ ಮಟ್ಟವನ್ನಾಗಲಿ ಸೂಚಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ, ಲ್ಯಾಟಿನ್ ಅಮೆರಿಕದಿಂದ ಕೃಷಿ ಮತ್ತು ಕಟ್ಟಡ ಕೆಲಸಗಳಿಗೆ ಬಂದವರಲ್ಲಿ ಅನೇಕರು ತಮ್ಮ ದೇಶದಲ್ಲಿಯೇ ಶಾಲೆ ಬಿಟ್ಟವರು.

## ಲಿಂಗ

ಇಪ್ಪತ್ತನೆಯ ಶತಮಾನದ ಹೆಚ್ಚಿನ ಅವಧಿಯಲ್ಲಿ ಕಾಲೇಜು ಪದವಿ ಪಡೆಯುವವರಲ್ಲಿ ಪುರುಷರೇ ಮುಂದಿದ್ದರು. 1972ರಲ್ಲಿ ಜಾರಿಗೆ ಬಂದ ಒಂಬತ್ತನೆಯ ಶೀರ್ಷಿಕೆ ಎಂಬ ಕಾನೂನು ಸರ್ಕಾರಿ ನೆರವು ಪಡೆಯುವ ಶಿಕ್ಷಣ ಕಾರ್ಯಕ್ರಮಗಳಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿತು. 1980ರ ದಶಕದ ಆರಂಭದಿಂದ ಪ್ರತಿವರ್ಷ ನೀಡಲಾಗುವ ಸ್ನಾತಕ ಪದವಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಹಿಳೆಯರ ಪಾಲಾಗಿವೆ. ಆದರೆ ಒಟ್ಟು ವಯಸ್ಕರಲ್ಲಿ ಮಹಿಳೆಯರ ಪ್ರಮಾಣವು ಪುರುಷರದನ್ನು ಸರಿಗಟ್ಟಲು ಮತ್ತೆ ಮೂರು ದಶಕಗಳು ಹಿಡಿದವು. 2022ರಲ್ಲಿ ಮಹಿಳೆಯರಲ್ಲಿ ಶೇ. 39.0, ಪುರುಷರಲ್ಲಿ ಶೇ. 36.2 ಪದವೀಧರರಿದ್ದರು.

## ಪ್ರಾದೇಶಿಕ ವ್ಯತ್ಯಾಸ

ರಾಜ್ಯಗಳ ಪೈಕಿ ಪದವೀಧರರ ಪ್ರಮಾಣವು ಮ್ಯಾಸಚೂಸೆಟ್ಸ್‌ನಲ್ಲಿ ಅತಿ ಹೆಚ್ಚು ಮತ್ತು ವೆಸ್ಟ್ ವರ್ಜೀನಿಯಾದಲ್ಲಿ ಅತಿ ಕಡಿಮೆ. ಮೊದಲನೆಯದರಲ್ಲಿ ಅದು ಶೇ. 45ನ್ನು ದಾಟಿದ್ದರೆ, ಎರಡನೆಯದರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಷ್ಟಿದೆ. ರಾಜ್ಯವಲ್ಲದ ರಾಜಧಾನಿ ಪ್ರದೇಶ ವಾಷಿಂಗ್ಟನ್ ಡಿ.ಸಿ.ಯಲ್ಲಿ ಶೇ. 60ಕ್ಕೂ ಹೆಚ್ಚಿನ ವಯಸ್ಕರು ಪದವೀಧರರು. ಕ್ಯಾಲಿಫೋರ್ನಿಯಾದಲ್ಲಿ ಪದವೀಧರರ ಪ್ರಮಾಣ ರಾಷ್ಟ್ರೀಯ ಸರಾಸರಿಯ ಸಮೀಪದಲ್ಲಿದ್ದರೂ ಹೈಸ್ಕೂಲ್ ಪೂರೈಸಿದವರ ಪ್ರಮಾಣವು ದೇಶದ ಅತಿ ಕೆಳಗಿನ ಸ್ಥಾನಗಳಲ್ಲಿ ಒಂದಾಗಿದೆ. ಉನ್ನತ ಶಿಕ್ಷಣ ಪಡೆದ ತಜ್ಞರೂ ಕಡಿಮೆ ಶಾಲಾ ಶಿಕ್ಷಣದ ವಲಸಿಗ ಕಾರ್ಮಿಕರೂ ಅಲ್ಲಿ ಒಟ್ಟಿಗೆ ನೆಲೆಸಿರುವುದು ಇದಕ್ಕೆ ಮುಖ್ಯ ಕಾರಣ.

ಸಾರ್ವಜನಿಕ ಶಾಲೆಗಳ ವೆಚ್ಚದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಇದರಿಂದ ಶ್ರೀಮಂತ ಮತ್ತು ಬಡ ಪ್ರದೇಶಗಳ ಶಾಲೆಗಳ ಸಂಪನ್ಮೂಲದಲ್ಲಿ ವ್ಯತ್ಯಾಸ ಉಂಟಾಗುತ್ತದೆ. ಟೆಕ್ಸಾಸ್‌ನ ಇಂಥ ವ್ಯವಸ್ಥೆಯನ್ನು ಪ್ರಶ್ನಿಸಿದ ರೊಡ್ರಿಗೆಜ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಿಕ್ಷಣವು ರಾಷ್ಟ್ರೀಯ ಸಂವಿಧಾನದಡಿ ಮೂಲಭೂತ ಹಕ್ಕಲ್ಲ ಎಂದು 1973ರಲ್ಲಿ ತೀರ್ಪಿತ್ತಿತು. ಭಾರತದಲ್ಲಿ 2002ರ ಸಂವಿಧಾನ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದೆ.

## ಆದಾಯ, ಉದ್ಯೋಗ ಮತ್ತು ಆಯುಷ್ಯ

ಕಾರ್ಮಿಕ ಅಂಕಿ-ಅಂಶಗಳ ಬ್ಯೂರೋ ಪ್ರಕಾರ 2022ರಲ್ಲಿ 25 ವರ್ಷ ಮೇಲ್ಪಟ್ಟ ಪೂರ್ಣಾವಧಿ ನೌಕರರ ಮಧ್ಯಾಂಕ ವಾರದ ವೇತನವು ಹೈಸ್ಕೂಲ್ ಪೂರೈಸದವರಿಗೆ 682 ಡಾಲರ್, ಹೈಸ್ಕೂಲ್ ಮಾತ್ರ ಪೂರೈಸಿದವರಿಗೆ 853 ಡಾಲರ್, ಪದವಿಯಿಲ್ಲದೆ ಕಾಲೇಜು ಬಿಟ್ಟವರಿಗೆ 935 ಡಾಲರ್ ಮತ್ತು ಸ್ನಾತಕ ಪದವೀಧರರಿಗೆ 1,432 ಡಾಲರ್ ಆಗಿತ್ತು. ಹೈಸ್ಕೂಲ್ ಪೂರೈಸದವರ ನಿರುದ್ಯೋಗ ದರ ಶೇ. 5.5 ಇದ್ದರೆ, ಸ್ನಾತಕ ಪದವೀಧರರದು ಶೇ. 2.2 ಇತ್ತು.

ಕಾಲೇಜು ಸೇರಿ ಪೂರೈಸದವರ ಸ್ಥಿತಿ ಈ ಅಂಕಿಗಳಲ್ಲಿ ಗಮನಾರ್ಹವಾಗಿದೆ. ಹೈಸ್ಕೂಲ್ ಮಾತ್ರ ಕಲಿತವರಿಗಿಂತ ಅವರಿಗೆ ದೊರೆಯುವ ವೇತನ ತುಸು ಮಾತ್ರ ಹೆಚ್ಚು. ಆದರೆ ಅವರಲ್ಲಿ ಹಲವರ ಮೇಲೆ ಶಿಕ್ಷಣ ಸಾಲದ ಹೊರೆಯಿರುತ್ತದೆ. ಸಂಯುಕ್ತ ಸರ್ಕಾರದ ಶಿಕ್ಷಣ ಸಾಲದ ಬಾಕಿ ಮೊತ್ತ ಸುಮಾರು 1.6 ಲಕ್ಷ ಕೋಟಿ ಡಾಲರ್‌ಗಳಷ್ಟಿದ್ದು, ನಾಲ್ಕು ಕೋಟಿಗೂ ಹೆಚ್ಚು ಜನ ಈ ಸಾಲ ಪಡೆದಿದ್ದಾರೆ. ಸಾಲ ಮರುಪಾವತಿಯಲ್ಲಿ ವಿಫಲರಾಗುವ ಪ್ರಮಾಣವು ಪದವಿ ಪೂರೈಸದವರಲ್ಲಿ ಪದವೀಧರರಿಗಿಂತ ಹೆಚ್ಚಾಗಿದೆ.

ಅರ್ಥಶಾಸ್ತ್ರಜ್ಞರಾದ ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್ ಅವರ ಅಧ್ಯಯನಗಳು ಈ ಅಂತರವು ಸಾವು-ಬದುಕಿನವರೆಗೂ ಚಾಚಿರುವುದನ್ನು ತೋರಿಸಿವೆ. ಅವರ ಲೆಕ್ಕಾಚಾರದಂತೆ 25ನೆಯ ವಯಸ್ಸಿನಲ್ಲಿ ಅಳೆದ ನಿರೀಕ್ಷಿತ ಆಯುಷ್ಯದಲ್ಲಿ ಪದವೀಧರರು ಮತ್ತು ಪದವಿಯಿಲ್ಲದವರ ನಡುವಿನ ಅಂತರವು 1992ರಲ್ಲಿ ಸುಮಾರು ಎರಡೂವರೆ ವರ್ಷಗಳಷ್ಟಿತ್ತು. ಕೋವಿಡ್ ಸಾಂಕ್ರಾಮಿಕದ ಕಾಲವಾದ 2021ರಲ್ಲಿ ಅದು ಸುಮಾರು ಎಂಟೂವರೆ ವರ್ಷಗಳಿಗೆ ಹೆಚ್ಚಿತು. ಮಾದಕ ವಸ್ತುಗಳ ಅತಿಸೇವನೆ, ಮದ್ಯಪಾನದಿಂದ ಬರುವ ಯಕೃತ್ತಿನ ಕಾಯಿಲೆ ಮತ್ತು ಆತ್ಮಹತ್ಯೆಯಿಂದಾಗುವ ಮರಣಗಳ ಏರಿಕೆ ಪದವಿಯಿಲ್ಲದವರಲ್ಲಿಯೇ ಹೆಚ್ಚಾಗಿ ಕಂಡುಬಂದಿದೆ. ಪದವಿಯೊಂದೇ ಈ ಅಂತರಕ್ಕೆ ಕಾರಣವೆಂದು ಇದರ ಅರ್ಥವಲ್ಲ. ಕಾಲೇಜು ಸೇರುವವರ ಕೌಟುಂಬಿಕ ಹಿನ್ನೆಲೆ ಮತ್ತು ಆರೋಗ್ಯ ಮೊದಲಿನಿಂದಲೇ ಭಿನ್ನವಾಗಿರುತ್ತವೆ. ಜೊತೆಗೆ, ಹಿಂದೆ ಹೈಸ್ಕೂಲ್ ಕಲಿತವರಿಗೂ ದೊರೆಯುತ್ತಿದ್ದ ಕಾರ್ಖಾನೆಯ ಉತ್ತಮ ವೇತನದ ಕೆಲಸಗಳು ಕಡಿಮೆಯಾಗಿವೆ.

## ಮಿತಿಗಳು

ಶೈಕ್ಷಣಿಕ ಮಟ್ಟವು ಪೂರೈಸಿದ ಹಂತವನ್ನು ಸೂಚಿಸುತ್ತದೆಯೇ ಹೊರತು ಕಲಿಕೆಯ ಗುಣಮಟ್ಟವನ್ನಲ್ಲ. ಒಇಸಿಡಿ ಸಂಸ್ಥೆಯು 2011-12ರಲ್ಲಿ ನಡೆಸಿದ ವಯಸ್ಕರ ಕೌಶಲ ಸಮೀಕ್ಷೆಯ ಮೊದಲ ಸುತ್ತಿನಲ್ಲಿ ಅಮೆರಿಕನ್ನರ ಸಂಖ್ಯಾ ಕೌಶಲವು ಭಾಗವಹಿಸಿದ ದೇಶಗಳ ಸರಾಸರಿಗಿಂತ ಕೆಳಗಿತ್ತು, ಆ ದೇಶದಲ್ಲಿ ಹೈಸ್ಕೂಲ್ ಮತ್ತು ಕಾಲೇಜು ಪೂರೈಸಿದವರ ಪ್ರಮಾಣ ಹೆಚ್ಚಾಗಿದ್ದರೂ. ಇದಲ್ಲದೆ ವೃತ್ತಿ ತರಬೇತಿ, ಶಿಶಿಕ್ಷು ತರಬೇತಿ ಮತ್ತು ಕೆಲಸದ ಸ್ಥಳದಲ್ಲಿ ಗಳಿಸಿದ ಕೌಶಲಗಳು ಪದವಿ ಆಧಾರಿತ ವರ್ಗೀಕರಣದಲ್ಲಿ ಕಾಣಿಸುವುದಿಲ್ಲ. ಪದವಿಯ ಅಗತ್ಯವಿಲ್ಲದ ಹುದ್ದೆಗಳಿಗೆ ಪದವಿಯ ಷರತ್ತು ವಿಧಿಸುವುದರಿಂದ ಅನುಭವಿ ಕೆಲಸಗಾರರು ಅವಕಾಶ ಕಳೆದುಕೊಳ್ಳುತ್ತಾರೆ ಎಂಬ ಟೀಕೆಯ ಹಿನ್ನೆಲೆಯಲ್ಲಿ, 2022ರಲ್ಲಿ ಮೇರಿಲ್ಯಾಂಡ್ ರಾಜ್ಯವು ತನ್ನ ಸಾವಿರಾರು ಸರ್ಕಾರಿ ಹುದ್ದೆಗಳಿಗೆ ನಾಲ್ಕು ವರ್ಷಗಳ ಪದವಿಯ ಷರತ್ತನ್ನು ಕೈಬಿಟ್ಟಿತು. ಅನಂತರ ಇತರ ಹಲವು ರಾಜ್ಯಗಳೂ ಇದೇ ಬಗೆಯ ಕ್ರಮ ಕೈಗೊಂಡವು.